ಬೆಲ್ಲದ ಮನೆಯಲ್ಲಿ ಬೆಲ್ಲ ಬಿಟ್ಟವರು

ಮಹಾಲಿಂಗಪುರದ ಬಸ್ ಸ್ಟ್ಯಾಂಡಿನ ಸುತ್ತ ಈಗ ಎಲ್ಲಿ ನೋಡಿದರೂ ಒಂದೇ ಬೋರ್ಡು: 'ಶುದ್ಧ ಬೆಲ್ಲದ ಚಹಾ'. ಮೊನ್ನೆ ಜಮಖಂಡಿ ಬಸ್ಸು ತಡವಾಯಿತೆಂದು ಅಂಥದೊಂದು ಅಂಗಡಿಯ ಮುಂದೆ ನಿಂತೆ. ಅಂಗಡಿಯ ಹೆಣ್ಣುಮಗಳು ನನ್ನ ನರೆಗೂದಲು ನೋಡಿ, "ಅಕ್ಕಾರ, ಸಕ್ಕರಿದು ಬ್ಯಾಡ, ಬೆಲ್ಲದ್ದು ಕುಡೀರಿ, ಮೈಗೆ ಛಲೋ" ಅಂದಳು. ನಾವು ಸಣ್ಣವರಿದ್ದಾಗ ಬೆಲ್ಲದ ಚಹಾ ಅಂದರೆ ಮನೆಯಲ್ಲಿ ಸಕ್ಕರೆ ತೀರಿದೆ ಅಂತ ಅರ್ಥ. ಬೀಗರು ಬಂದಾಗ ಅವ್ವ ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಓಡಿ ಒಂದು ವಾಟಗಾ ಸಕ್ಕರೆ ತರುತ್ತಿದ್ದಳೇ ಹೊರತು ಬೆಲ್ಲದ ಚಹಾ ಕೊಡುತ್ತಿರಲಿಲ್ಲ. ಆಗ ಮುಚ್ಚಿಡುತ್ತಿದ್ದುದಕ್ಕೆ ಈಗ ಬೋರ್ಡು ಹಾಕುತ್ತಾರೆ. ಕಾಲ ತಿರುಗುವುದು ಹೀಗೆ.

ಒಂದು ಗುಟುಕು ಕುಡಿದೆ. ನೆನಪಾದದ್ದು ನಮ್ಮ ಆಯಿ. ಆಯಿ ಅಂದರೆ ನನ್ನ ಅಪ್ಪನ ತಾಯಿ. ಊರಿಗೆಲ್ಲ ಬೆಲ್ಲ ಹಂಚುವ ಮನೆಯಲ್ಲಿದ್ದುಕೊಂಡು ವರ್ಷಾನುಗಟ್ಟಲೆ ಒಂದು ಚೂರು ಬೆಲ್ಲ ನಾಲಿಗೆಗೆ ಹಚ್ಚದೆ ಇದ್ದವಳು.

ಅವಳ ವಿಷಯ ಹೇಳುವ ಮೊದಲು ನಮ್ಮ ಆಣೆಗಳ ವಿಷಯ ಸ್ವಲ್ಪ ಹೇಳಬೇಕು. ಸಾಲಿಯಲ್ಲಿ ನಮಗೆ ಉಸಿರಿಗೊಂದು ಆಣೆ. ಪಾಟಿಯ ಬಳಪ ಕಳೆದರೆ ವಿದ್ಯಾದ ಆಣಿ, ಕಬ್ಬು ಮುರಿದದ್ದು ಯಾರು ಅಂತ ಕೇಳಿದರೆ ಕಣ್ಣಾಣಿ, ಮಾತು ತೀರಾ ಸುಳ್ಳಿದ್ದರೆ ತಾಯಿ ಆಣಿ. ಸುಳ್ಳು ದೊಡ್ಡದಾದಷ್ಟೂ ಆಣೆಯೂ ದೊಡ್ಡದು. ನನ್ನ ಜೊತೆ ಕೂಡುತ್ತಿದ್ದ ಸಿದ್ದವ್ವ ಮಾತ್ರ ಬೇರೆ. ಅವರದು ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಅವಳ ಕಡೆ "ಭಂಡಾರ ಮುಟ್ಟಿ ಹೇಳು" ಅಂದರೆ ಮುಗಿಯಿತು. ಗುಡಿಯ ಆ ಅರಿಷಿಣ ಪುಡಿಯ ಹೆಸರು ಕೇಳಿದರೇ ಅವಳ ಬಾಯಿಂದ ಖರೆ ಹೊರಬೀಳುತ್ತಿತ್ತು. ನಮ್ಮ ಜೈನರ ಹುಡುಗಿಯರಿಗೆ ಅಷ್ಟು ಸಲೀಸಾದ ವ್ಯವಸ್ಥೆ ಇರಲಿಲ್ಲ. ನಮ್ಮಲ್ಲಿ ಆಣೆಗಿಂತ ನೇಮ ಹೆಚ್ಚು. ಇಷ್ಟು ದಿನ ಇದನ್ನು ತಿನ್ನುವುದಿಲ್ಲ, ಅದನ್ನು ಮುಟ್ಟುವುದಿಲ್ಲ ಅಂತ ಬಸ್ತಿಯಲ್ಲಿ, ಅಂದರೆ ನಮ್ಮ ಬಸದಿಯಲ್ಲಿ, ಕೈಮುಗಿದು ಒಪ್ಪಿಕೊಳ್ಳುವುದು.

ನಾನೂ ನೇಮ ಹಿಡಿದವಳೇ. ಹತ್ತನೇ ಇಯತ್ತೆಯಲ್ಲಿ ಗಣಿತ ಪಾಸಾದರೆ ಒಂದು ವರ್ಷ ಭಜಿ ತಿನ್ನುವುದಿಲ್ಲ ಅಂತ ಪದ್ಮಾವತಿಯ ಮುಂದೆ ಹೇಳಿಕೊಂಡೆ. ಪಾಸಾದೆ. ಅದೇ ಸಂಜೆ ಅಪ್ಪ ಖುಷಿಯಲ್ಲಿ ಬನಹಟ್ಟಿ ಪೇಟೆಯಿಂದ ಬಿಸಿ ಮೆಣಸಿನಕಾಯಿ ಭಜಿ ಕಟ್ಟಿಸಿಕೊಂಡು ಬಂದ. ದೇವಿಯ ಮುಂದೆ ಭಜಿ ಅಂದಿದ್ದೆನೇ ಹೊರತು ಮೆಣಸಿನಕಾಯಿ ಭಜಿ ಅಂದಿರಲಿಲ್ಲ ಅಂತ ಮನಸ್ಸಿಗೆ ಸಮಜಾಯಿಷಿ ಹೇಳಿದೆ. ಮನಸ್ಸು ಬೇಗ ಒಪ್ಪಿತು. ಈಗಲೂ ಪ್ರತಿ ಸೋಮವಾರ ಬೆಳಿಗ್ಗೆ ಎದ್ದು ವಾಕಿಂಗ್ ಹೋಗುವ ಸಂಕಲ್ಪ ಮಾಡುತ್ತೇನೆ. ಮಂಗಳವಾರ ಯಜಮಾನರು ನನ್ನ ಮುಖ ನೋಡುತ್ತಾರೆ, ನಾನು ಕಿಟಕಿ ನೋಡುತ್ತೇನೆ.

ಇಂಥ ನನಗೆ ಎಂಥ ಮನೆತನ ಸಿಕ್ಕಿತ್ತು ನೋಡಿ.

ತೇರದಾಳದಿಂದ ಬಹಳ ದೂರವಲ್ಲದ ಊರು ನಮ್ಮದು. ಹೊಲದ ತುಂಬ ಕಬ್ಬು. ಹೊಲದ ನಡುವೆ ನಮ್ಮದೇ ಗಾಣ. ಗಾಣ ಹೂಡಿದರೆ ಊರಿಗೆ ಹಬ್ಬ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುವಾಗ ಆ ವಾಸನೆ ಅರ್ಧ ಹರದಾರಿ ದಾಟಿ ಸಾಲಿಯ ಕಿಟಕಿಯೊಳಗೆ ಬರುತ್ತಿತ್ತು. ಆಮೇಲೆ ಮಾಸ್ತರರು ಏನು ಕಲಿಸಿದರೂ ನಮ್ಮ ತಲೆಗೆ ಹತ್ತುತ್ತಿರಲಿಲ್ಲ. ಮಾಸ್ತರರಿಗೂ ಕಲಿಸಲು ಮನಸ್ಸಿರುತ್ತಿರಲಿಲ್ಲ ಅಂತ ನನ್ನ ಗುಮಾನಿ.

ಈ ಗಾಣದ ಒಡೆಯ ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ. ಎತ್ತರದ ಆಳು, ಬಿಳಿ ರುಮಾಲು, ಕಡಿಮೆ ಮಾತು. ಮುತ್ಯಾನಿಗೆ ಎರಡು ವಿಷಯಕ್ಕೆ ಹೆಸರಿತ್ತು. ಒಂದು, ಬೆಲ್ಲದ ಹುಚ್ಚು. ಅಂಗಿಯ ಕಿಸೆಯಲ್ಲಿ ಯಾವಾಗಲೂ ಬೆಲ್ಲದ ಹೆಂಟೆ, ಅದರ ಹಿಂದೆ ಇರುವೆಗಳ ಸಾಲು. ಅಂಗಿ ಒಗೆಯುವ ಅವ್ವನ ಗೊಣಗಾಟ ಅದರ ಹಿಂದೆ. ಇನ್ನೊಂದು, ಕೊಟ್ಟ ಮಾತು. ಮುತ್ಯಾ ಹೂಂ ಅಂದರೆ ಅಲ್ಲಿಗೆ ಸಾಕ್ಷಿ ಬೇಡ, ಕಾಗದ ಬೇಡ.

ಮುತ್ಯಾನ ಒಬ್ಬಳೇ ಮಗಳು ನಮ್ಮ ಚಂಪಾ ಅತ್ತಿ. ಅತ್ತಿ ತೊಟ್ಟಿಲಲ್ಲಿದ್ದಾಗ ಮುಧೋಳದಿಂದ ಮುತ್ಯಾನ ಗೆಳೆಯ ಆದಪ್ಪ ಬಂದಿದ್ದನಂತೆ. ಇಬ್ಬರೂ ಹುಡುಗರಿದ್ದಾಗಿನಿಂದ ಒಂದೇ ತಾಟಿನಲ್ಲಿ ಉಂಡವರು. ತೊಟ್ಟಿಲು ತೂಗುತ್ತ ಆದಪ್ಪ, "ಇಕಿ ನನ್ನ ಸೊಸಿ" ಅಂದ. ಮುತ್ಯಾ, "ಆತು, ಮಾತು ಕೊಟ್ಟೆ" ಅಂದ. ತೊಟ್ಟಿಲಲ್ಲಿದ್ದವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳಿಗೆ ಆಗ ಅಳುವುದೊಂದೇ ಗೊತ್ತಿತ್ತು.

ಅತ್ತಿ ಬೆಳೆದಳು, ಓದಿದಳು, ಬೀಳಗಿಯಲ್ಲಿ ಸಾಲಿ ಟೀಚರ್ ಆದಳು. ಅಲ್ಲಿಯೇ ಜೊತೆಗಿದ್ದ ಮಾಸ್ತರರೊಬ್ಬರನ್ನು ಮೆಚ್ಚಿದಳು. ಅವರೂ ನಮ್ಮವರೇ, ಜಾತಿಯ ತಕರಾರೇನೂ ಇರಲಿಲ್ಲ. ಇದ್ದ ತಕರಾರು ಒಂದೇ, ಮುತ್ಯಾ ಕೊಟ್ಟ ಮಾತು. ರಜೆಗೆ ಮನೆಗೆ ಬಂದವಳು ಪಡಸಾಲೆಯಲ್ಲಿ ನಿಂತು ಹೇಳಿದ್ದು ನನಗೆ ನೆನಪಿದೆ. ನಾನು ಆಗ ಸಣ್ಣವಳು, ಕಂಬಕ್ಕೆ ಒರಗಿ ಕುಳಿತು ಶೇಂಗಾ ಸುಲಿಯುತ್ತಿದ್ದೆ.

"ಅಪ್ಪಾ, ನಾ ಮುಧೋಳದ ಮನಿ ಒಲ್ಲೆ."

"ಮಾತು ಕೊಟ್ಟಾಗೈತಿ" ಅಂದ ಮುತ್ಯಾ.

"ಕೊಟ್ಟಾಂವ ನೀ. ನನ್ನ ಕೇಳಿ ಕೊಟ್ಟಿದ್ದೆಯೇನು?"

ಮುತ್ಯಾನನ್ನು ಹಾಗೆ ಯಾರೂ ಕೇಳಿರಲಿಲ್ಲ. ಉತ್ತರ ಇಲ್ಲದವರಿಗೆ ಸಿಟ್ಟು ಜಾಸ್ತಿ. ಎದ್ದು ಹೊಲಕ್ಕೆ ಹೋದ. ಅತ್ತಿ ಮರುದಿನದ ಬಸ್ಸಿಗೆ ಬೀಳಗಿಗೆ ಹೋದಳು. ಮುಂದೆ ಒಂದು ದಿನ ಮದುವೆಯಾಯಿತು, ಮಾಸ್ತರರ ಊರಿನಲ್ಲಿ. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ.

ಆ ಸುದ್ದಿ ಬಂದ ದಿನ ಮುತ್ಯಾ ಹೊಸ್ತಿಲಲ್ಲಿ ನಿಂತು, ಬಸ್ತಿಯ ದಿಕ್ಕಿಗೆ ಕೈಮುಗಿದು ಹೇಳಿದ: "ನನ್ನ ಜೀವ ಇರೂತನ ಆಕಿ ಈ ಹೊಸ್ತಿಲ ದಾಟಿ ಒಳಗ ಬರಬಾರದು. ಪಾರ್ಶ್ವನಾಥ ಸ್ವಾಮಿ ಆಣಿ."

ಆಯಿ ಜೋಳ ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸಿದಳು. ಮೊರ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಅದೇ ಬಸ್ತಿಯ ದಿಕ್ಕಿಗೆ ತಿರುಗಿದಳು. ದನಿ ಏರಿಸಲೇ ಇಲ್ಲ.

"ಹಂಗಾರ ನಂದೂ ಒಂದು ಕೇಳ್ರಿ. ಆಕಿ ಬಂದು ಈ ಮನ್ಯಾಗ ಉಣ್ಣೂತನ ನಾ ಬೆಲ್ಲ ಮುಟ್ಟೂದಿಲ್ಲ."

ಅಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡಳು.

ಬೇರೆ ಊರಿನವರಿಗೆ ಬೆಲ್ಲ ಬಿಡುವುದು ಏನು ಮಹಾ ಅನ್ನಿಸಬಹುದು. ನಮ್ಮ ಕಡೆ ಬೆಲ್ಲ ಬಿಟ್ಟರೆ ಏನೇನು ಹೋಗುತ್ತದೆ ನೋಡಿ. ಹೋಳಿಗೆ ಹೋಯಿತು, ಗೋಧಿ ಹುಗ್ಗಿ ಹೋಯಿತು, ಮಾದಲಿ ಹೋಯಿತು, ಸಂಕ್ರಾಂತಿಯ ಎಳ್ಳುಬೆಲ್ಲ ಹೋಯಿತು. ಎಣ್ಣೆಗಾಯಿಗೂ ಒಂದು ಚೂರು ಬೆಲ್ಲ ಹಾಕುವ ಜನ ನಾವು. ಆಯಿ ತನ್ನ ಪಾಲಿನ ಪಲ್ಯವನ್ನು ಮೊದಲೇ ಬೇರೆ ತೆಗೆದಿಟ್ಟುಕೊಳ್ಳುತ್ತಿದ್ದಳು. ಗಾಣದ ದಿನಗಳಲ್ಲಿ ಎಲ್ಲರಿಗೂ ಬಿಸಿ ಬೆಲ್ಲ ಹಂಚುವವಳು ಅವಳೇ. ಬೆರಳಿಗೆ ಅಂಟಿದ್ದನ್ನು ಸಹ ನೆಕ್ಕದೆ ನೀರಲ್ಲಿ ತೊಳೆಯುತ್ತಿದ್ದಳು.

ಆದರೆ ಒಂದು ಕೆಲಸ ಮಾತ್ರ ತಪ್ಪದೆ ಮಾಡುತ್ತಿದ್ದಳು. ಊಟಕ್ಕೆ ಕುಳಿತ ಮುತ್ಯಾನ ತಾಟಿನ ಅಂಚಿಗೆ ಎರಡೂ ಹೊತ್ತು ಒಂದು ಹೆಂಟೆ ಬೆಲ್ಲ ಇಡುತ್ತಿದ್ದಳು. ಒಳ್ಳೆಯದೇ, ಹೊಂಬಣ್ಣದ್ದೇ ನೋಡಿ ಇಡುವಳು. ಇಟ್ಟು ಎದುರಿಗೆ ಕೂಡುವಳು. ಜಗಳವಿಲ್ಲ, ಕಣ್ಣೀರಿಲ್ಲ. ಮುತ್ಯಾ ಅದನ್ನು ತಿನ್ನಲೇಬೇಕು, ತಾಟಿನಲ್ಲಿ ಬಿಟ್ಟೇಳುವುದು ನಮ್ಮಲ್ಲಿ ಪಾಪ. ಒಂದು ಕಾಲಕ್ಕೆ ಕಣ್ಣು ಮುಚ್ಚಿ ಬೆಲ್ಲ ಚಪ್ಪರಿಸುತ್ತಿದ್ದವನು ಈಗ ಕಷಾಯ ಕುಡಿದಂತೆ ನುಂಗುತ್ತಿದ್ದ. ಕಿಸೆಯಲ್ಲಿ ಹೆಂಟೆ ಇಡುವುದನ್ನು ಯಾವಾಗ ಬಿಟ್ಟನೋ ಯಾರಿಗೂ ತಿಳಿಯಲಿಲ್ಲ. ಇರುವೆಗಳಿಗೆ ಮೊದಲು ತಿಳಿದಿರಬೇಕು.

ಮುತ್ಯಾನ ಆಣೆ ಅತ್ತಿ ನಮ್ಮ ಮನೆಗೆ ಬರುವುದಕ್ಕೆ ಮಾತ್ರ. ನಾವು ಅವಳ ಮನೆಗೆ ಹೋಗುವುದಕ್ಕೆ ಯಾರೂ ಆಣೆ ಹಾಕಿರಲಿಲ್ಲ. ಹಾಗಾಗಿ ಪ್ರತಿ ರಜೆಗೂ ನನ್ನ ಸವಾರಿ ಬೀಳಗಿಗೆ. ಕೈಯಲ್ಲಿ ಆಯಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಗಂಟು. ಮರಳಿ ಬಂದರೆ ಆಯಿ ಒಲೆಯ ಮುಂದೆ ಕೂಡಿಸಿಕೊಂಡು ಕೇಳುವಳು: ದಪ್ಪ ಆಗ್ಯಾಳೇನು, ಸಣ್ಣ ಆಗ್ಯಾಳೇನು, ಮಾಸ್ತರ ಛಲೋ ನೋಡ್ಕೋತಾರೇನು. ಮುತ್ಯಾ ಮಾತ್ರ ಮಗಳ ಹೆಸರೆತ್ತುತ್ತಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತು, ರುಮಾಲು ಸುತ್ತುತ್ತ, "ಬೀಳಗಿ ಕಡೆ ಮಳಿ ಹೆಂಗೈತಿ?" ಅನ್ನುತ್ತಿದ್ದ. ನಾನು ಪೆದ್ದಿ, ಮೊದಲೆರಡು ವರ್ಷ ನಿಜವಾಗಿ ಮಳೆಯ ವರದಿ ಒಪ್ಪಿಸುತ್ತಿದ್ದೆ. ಆಮೇಲೆ ಆಯಿ ಕಿವಿಯಲ್ಲಿ ಹೇಳಿಕೊಟ್ಟಳು. "ಮಳಿ ಛಲೋ ಐತಿ ಮುತ್ಯಾ, ಅತ್ತಿಗೆ ಬಡತಿ ಆಗೈತಿ" ಅಂತ ಸೇರಿಸಿ ಹೇಳಲು ಕಲಿತೆ. ಮುತ್ಯಾ ಏನೂ ಕೇಳಿಸದವನಂತೆ ಎದ್ದು ಹೋಗುವನು. ಆದರೆ ಅವತ್ತು ಎರಡು ರೊಟ್ಟಿ ಹೆಚ್ಚು ಉಣ್ಣುವನು.

ಅತ್ತಿಯ ಚೊಚ್ಚಲ ಹೆರಿಗೆಗೆ ತವರಿನ ಬಾಗಿಲು ತೆರೆಯಲಿಲ್ಲ. ಆಯಿಯೇ ಗಂಟು ಕಟ್ಟಿ ಬೀಳಗಿಗೆ ಹೋಗಿ ಬಾಣಂತನ ಮಾಡಿ ಬಂದಳು. ಹೆಣ್ಣುಕೂಸು. ಬಾಣಂತಿಗೆ ಬೆಲ್ಲ-ಕೊಬ್ಬರಿ ಕಟ್ಟಿದ ಉಂಡಿ ಮಾಡಿ ತಿನ್ನಿಸಿದಳು, ತಾನು ರುಚಿ ನೋಡಲಿಲ್ಲ. ಅತ್ತಿ ಆಗ ಅವಳ ಕೈ ಹಿಡಿದು, "ಯವ್ವಾ, ನಾ ಇಲ್ಲೇ ನಿನ್ನ ಮುಂದ ಕುಂತು ಉಣ್ಣಾಕತ್ತೇನಲ್ಲ, ಸಾಕು ಮಾಡು" ಅಂದಳಂತೆ. ಆಯಿ, "ನಾ 'ಈ ಮನ್ಯಾಗ' ಅಂದೇನಿ. ಆ ಮನ್ಯಾಗ ಉಣ್ಣಬೇಕು ನೀ" ಅಂದಳಂತೆ. ಇದನ್ನು ಕೇಳಿದಾಗ ನನ್ನ ಮೆಣಸಿನಕಾಯಿ ಭಜಿಯ ನೆನಪಾಗಿ ಮುಖ ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಹೀಗೇ ಮನೆಯಲ್ಲಿ ಎರಡು ಹಟ ಎದುರುಬದುರು ಕುಳಿತು ಮುದಿಯಾಗುತ್ತಿದ್ದವು. ನಾನು ಜಮಖಂಡಿಯಲ್ಲಿ ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದೆ. ಆಗ ಒಂದು ದಿನ ನಮ್ಮ ಗಾಣಕ್ಕೆ ಆದಪ್ಪಜ್ಜ ಬಂದ. ಮಾತು ಉಳಿಸಿಕೊಳ್ಳಲಾಗದ ನಾಚಿಕೆಗೆ ಮುತ್ಯಾ ಮುಧೋಳದ ದಾರಿಯನ್ನೇ ಬಿಟ್ಟಿದ್ದ, ಬೆಲ್ಲವನ್ನೂ ಮಹಾಲಿಂಗಪುರಕ್ಕೇ ಕಳಿಸುತ್ತಿದ್ದ. ಅವನು ಬರಲೊಲ್ಲ ಅಂತ ಆದಪ್ಪಜ್ಜನೇ ಕೋಲೂರಿಕೊಂಡು ಬಂದಿದ್ದ.

ಅವತ್ತು ಭಾನುವಾರ, ನಾನೂ ಗಾಣದ ಮನೆಯಲ್ಲಿದ್ದೆ. ಆದಪ್ಪಜ್ಜ ಬಿಸಿ ಬೆಲ್ಲದ ಮೊದಲ ತುತ್ತನ್ನು ಎಲೆಯಲ್ಲಿ ಇಟ್ಟು ಆಯಿಗೆ ಕೊಡಲು ಹೋದ. "ತಂಗೀ, ಮದಲ ನೀ ತಗೋ." ಆಯಿ ನಕ್ಕು, "ನನಗ ನೇಮ ಐತ್ರಿ ಅಣ್ಣಾ" ಅಂದಳು. ಎಂಥ ನೇಮ ಅಂತ ಅವನು ಬಿಡದೆ ಕೇಳಿದ. ಆಯಿ ಮತ್ತೆ ಬೆಲ್ಲ ಹಂಚಲು ತಿರುಗಿದಳು. ಮುತ್ಯಾ ನೆಲ ನೋಡುತ್ತ ನಿಂತ. ಕೊನೆಗೆ ನಾನೇ ಹೇಳಿದೆ, ಎರಡೂ ಆಣೆಗಳನ್ನು.

ಆದಪ್ಪಜ್ಜ ಎಲೆ ಕೆಳಗಿಟ್ಟು ಕಟ್ಟಿಗೆಯ ತುಂಡಿನ ಮೇಲೆ ಕುಳಿತುಬಿಟ್ಟ.

"ನನ್ನ ಹೆಸರಿಲೆ ಈ ಮನ್ಯಾಗ ಇಷ್ಟು ವರ್ಷ ಇದು ನಡದೈತೇನು?" ಅಂದ. "ಲೇ ಗೆಳೆಯಾ, ಖರೆ ಹೇಳತೇನಿ ಕೇಳು. ನನ್ನ ಮಗಾ ಅವಾಗ ಸ್ವಾದರಮಾವನ ಮಗಳ ಮ್ಯಾಲೆ ಜೀವಾ ಇಟ್ಕೊಂಡು ಅನ್ನಾ ಬಿಟ್ಟಿದ್ದ. ನಿನಗ ಹೆಂಗ ಹೇಳೂದಂತ ನಾ ಒಳಗೊಳಗ ಒದ್ದಾಡಾಕತ್ತಿದ್ದೆ. ನಿನ್ನ ಮಗಳು ಒಲ್ಲೆ ಅಂದ ಸುದ್ದಿ ಬಂದ ದಿನಾ ನಾನು ಬಸ್ತಿಗಿ ಹೋಗಿ ತುಪ್ಪದ ದೀಪಾ ಹಚ್ಚಿ ಬಂದೇನಿ."

"ನನಗ ಯಾಕ ಹೇಳಲಿಲ್ಲ?" ಅಂದ ಮುತ್ಯಾ. ದನಿ ಬಹಳ ಸಣ್ಣದಾಗಿತ್ತು.

"ನೀ ಮಾತಿನ ಮನಷ್ಯಾ. ನಿನಗ ಹೆಂಗ ಹೇಳಲಿ?"

ಇಬ್ಬರು ಮುದುಕರು ಮುಖ ಮುಖ ನೋಡುತ್ತ ಕುಳಿತರು. ಇಬ್ಬರ ಮಕ್ಕಳಿಗೂ ಬೇಡವಾಗಿದ್ದ ಒಂದು ಮಾತನ್ನು ಒಬ್ಬನು ಹೊತ್ತು ತಿರುಗಿದ್ದ, ಇನ್ನೊಬ್ಬ ಅದರಿಂದ ಬಿಡುಗಡೆಯಾದೆ ಅಂತ ದೀಪ ಹಚ್ಚಿದ್ದ. ಆಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಅವಳು ಅಳುತ್ತಿದ್ದಾಳೆ ಅಂದುಕೊಂಡೆ. ಹತ್ತಿರ ಹೋದರೆ ನಗುತ್ತಿದ್ದಳು.

ಕತೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮುತ್ಯಾ ಮುತ್ಯಾನೇ. "ಇವಂಗ ಕೊಟ್ಟ ಮಾತು ಹರೀತು. ದೇವರ ಮುಂದ ಹೇಳಿದ್ದು ಹಂಗ ಐತಲ್ಲ" ಅಂತ ಒಂದು ವಾರ ಸರಿಯಾಗಿ ಉಣ್ಣಲಿಲ್ಲ. ಆಗ ಚಾತುರ್ಮಾಸ್ಯ ಮುಗಿಸಿದ ದಿಗಂಬರ ಮಹಾರಾಜರೊಬ್ಬರು ಇನ್ನೂ ತೇರದಾಳದಲ್ಲೇ ಇದ್ದರು. ಮುತ್ಯಾ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೊರಟ.

ನಮೋಸ್ತು ಹೇಳಿ ಕುಳಿತು, ಹೊಸ್ತಿಲಲ್ಲಿ ತಾನು ಹೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದ. ಆಯಿ ಹೇಳಿದ್ದನ್ನೂ ಒಪ್ಪಿಸಿದ. ಮಹಾರಾಜರು ಕೈಯಲ್ಲಿದ್ದ ನವಿಲುಗರಿಯ ಪಿಂಛಿಯನ್ನು ಪಕ್ಕಕ್ಕಿಟ್ಟರು.

"ನಿನ್ನ ಹೆಂಡತಿ ಮಾಡಿದ್ದು ನೇಮ. ತನ್ನ ಬಾಯಿಗಿ ತಾನ ಬೀಗಾ ಹಾಕ್ಕೊಂಡಳು" ಅಂದರು. "ನೀನು ಮಗಳ ಕಾಲಿಗಿ ಬೀಗಾ ಹಾಕಿದಿ. ಅದು ನೇಮ ಹೆಂಗಾತು? ಸಿಟ್ಟಿಗೆ ದೇವರ ಹೆಸರು ಇಟ್ಟರ ಅದು ಸಿಟ್ಟ ಇರತೈತಿ."

ಮುತ್ಯಾ ತಲೆಯ ಮೇಲಿನ ರುಮಾಲು ತೆಗೆದು ತೊಡೆಯ ಮೇಲಿಟ್ಟ. ಆಮೇಲೆ, "ಹಂಗಾರ ನನಗೊಂದು ಖರೆ ನೇಮ ಕೊಡ್ರಿ ಮಹಾರಾಜರ" ಅಂದ.

"ಯಾವುದು ಬಿಡೂದು ನಿನಗ ಕಷ್ಟ?"

ಮುತ್ಯಾ ನನ್ನ ಕಡೆ ಒಮ್ಮೆ ನೋಡಿದ.

"ಬೆಲ್ಲ ರೀ" ಅಂದ.

ಅಲ್ಲಿಂದ ಮನೆಗೆ ಬರಲಿಲ್ಲ, ನೇರ ಬೀಳಗಿಗೆ ಹೋದೆವು. ಅತ್ತಿ ಸಾಲಿಯಿಂದ ಆಗತಾನೆ ಬಂದು ಹೊರಗಿನ ನಳದಲ್ಲಿ ಕೈಕಾಲು ತೊಳೆಯುತ್ತಿದ್ದಳು. ಬಾಗಿಲ ಮುಂದೆ ಅಪ್ಪನನ್ನು ಕಂಡು ನಳ ನಿಲ್ಲಿಸುವುದನ್ನೇ ಮರೆತಳು. ನೀರು ಸುಮ್ಮನೆ ಹರಿಯುತ್ತಿತ್ತು. ಮುತ್ಯಾ ಕೋಲಿನ ಮೇಲೆ ಎರಡೂ ಕೈ ಇಟ್ಟು ನಿಂತಿದ್ದ.

"ಚಂಪಾ, ನಿನ್ನ ಕೇಳಲಾರದ ನಿನ್ನ ಮಾತು ಮಂದಿಗಿ ಕೊಟ್ಟಿದ್ದೆ" ಅಂದ. "ಅದು ನನ್ನದಲ್ಲದ ಮಾತು. ತಪ್ಪು ಅಲ್ಲೇ ಆತು. ಮನಿಗಿ ಬಾ."

ಅತ್ತಿ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಅಳಲಿಲ್ಲ. ಅವಳೂ ಮುತ್ಯಾನ ಮಗಳೇ.

"ಇಷ್ಟು ಹೇಳಾಕ ಇಷ್ಟು ವರ್ಷಾ ಬೇಕಾತೇನಪ್ಪಾ?"

"ಬೇಕಾತವ್ವಾ" ಅಂದ ಮುತ್ಯಾ.

ಅತ್ತಿ ನಳ ನಿಲ್ಲಿಸಿದಳು. ಅಪ್ಪನ ಕೈಯಿಂದ ಕೋಲು ತೆಗೆದುಕೊಂಡು ಗೋಡೆಗೆ ಒರಗಿಸಿ, ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಆ ಭಾನುವಾರ ಅತ್ತಿ, ಮಾಸ್ತರರು, ಅವರ ಮಗಳು ನಮ್ಮ ಮನೆಗೆ ಬಂದರು. ಆಯಿ ಗೋಧಿ ಹುಗ್ಗಿ ಮಾಡಿದ್ದಳು. ಅತ್ತಿ ಹೊಸ್ತಿಲು ದಾಟುವಾಗ ಮುತ್ಯಾ ಬೇಕಂತಲೇ ದನಗಳ ಕಡೆ ಹೋಗಿದ್ದ, ಕಣ್ಣು ಒರೆಸಿಕೊಂಡು ಬಂದ. ಅತ್ತಿ ಉಂಡಳು. ಉಂಡು, ಹೊಂಬಣ್ಣದ ಒಂದು ಚೂರು ಬೆಲ್ಲ ತೆಗೆದು ಆಯಿಯ ಬಾಯಿಗೆ ಇಟ್ಟಳು. ನಾವೆಲ್ಲ ಉಸಿರು ಹಿಡಿದು ನೋಡುತ್ತಿದ್ದೆವು. ಆಯಿ ಮೆಲ್ಲಗೆ ಚಪ್ಪರಿಸಿದಳು. ಮುಖ ಕಿವುಚಿದಳು.

"ಯವ್ವಾ, ಇದು ಇಷ್ಟು ಸೀ ಇರತಿತ್ತೇನು?" ಅಂದಳು.

ಎಲ್ಲರೂ ನಕ್ಕೆವು. ನಗುತ್ತಲೇ ರೂಢಿಯಂತೆ ಮುತ್ಯಾನ ತಾಟಿಗೆ ಒಂದು ಹೆಂಟೆ ಇಡಲು ಹೋದಳು. ಮುತ್ಯಾ ತಾಟಿಗೆ ಕೈ ಅಡ್ಡ ಹಿಡಿದು, "ನನಗ ಬ್ಯಾಡ. ನೇಮ ಐತಿ" ಅಂದ. ಆಯಿಯ ನಗು ನಿಂತಿತು. ಅವಳಿಗೆ ಯಾರೂ ಹೇಳಿರಲಿಲ್ಲ. "ಎಲ್ಲೀತನ?" ಅಂತ ಕೇಳಿದಳು. "ಇರೂತನ" ಅಂದ ಮುತ್ಯಾ. ಅವಳು ಆ ಹೆಂಟೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕುಳಿತಿದ್ದಳು, ಊಟ ಮಾಡದೆ. ಅತ್ತಿಯೇ ಕೈ ಬಿಡಿಸಿ ಅದನ್ನು ತನ್ನ ಮಗಳಿಗೆ ಕೊಟ್ಟಳು.

ಮುತ್ಯಾ ಕಡೆಯತನಕ ಆ ನೇಮ ತಪ್ಪಲಿಲ್ಲ. ಮಾತು ಮಾತ್ರ ಸ್ವಲ್ಪ ಜಾಸ್ತಿಯಾಯಿತು. ಮಳೆ ಬಿಟ್ಟು ನೇರ ಮಗಳ ಸುದ್ದಿ ಕೇಳುವಷ್ಟು.

ಇದೆಲ್ಲ ಆದ ಎರಡನೆಯ ವರ್ಷ ರಬಕವಿಯಿಂದ ನನ್ನನ್ನು ನೋಡಲು ಒಂದು ಮನೆಯವರು ಬಂದರು. ನೇಕಾರಿಕೆಯ ಸೀರೆಗಳ ವ್ಯಾಪಾರ ಇದ್ದವರು, ಒಳ್ಳೆಯ ಜನ. ಪಡಸಾಲೆ ತುಂಬಿತ್ತು. ಚಹಾ ಮುಗಿದ ಮೇಲೆ ಅವರಲ್ಲಿ ಹಿರಿಯರು ಮುತ್ಯಾನ ಕಡೆ ತಿರುಗಿ, "ನಮಗ ಹುಡುಗಿ ಮನಸಿಗಿ ಬಂದಾಳ. ನಿಮ್ಮ ಮಾತಂದ್ರ ಈ ಸೀಮಿಗೆಲ್ಲ ಗೊತ್ತೈತಿ. ನೀವೊಂದು ಮಾತು ಕೊಟ್ಟರ ನಾವು ಹಗುರಾಗಿ ಹೋಗತೇವಿ" ಅಂದರು. ಅಪ್ಪ ಆಗಲೇ ಮುತ್ಯಾನ ಬಾಯಿ ನೋಡುತ್ತಿದ್ದ.

ಮುತ್ಯಾ ರುಮಾಲು ಸರಿಮಾಡಿಕೊಂಡ.

"ಮಾತು ನನ್ನ ಕಡೆ ಇಲ್ಲ ರೀ. ಆಕಿ ಕಡೆ ಐತಿ. ಆಕಿನ್ನ ಕೇಳ್ರಿ" ಅಂದು, ಒಳಗೆ ತಿರುಗಿ ನನ್ನನ್ನು ಕೂಗಿದ.

ನಾನು ಬಾಗಿಲಿಗೆ ಬಂದು ನಿಂತೆ. ಇಡೀ ಪಡಸಾಲೆ ನನ್ನನ್ನೇ ನೋಡುತ್ತಿತ್ತು. ಉಸಿರಿಗೊಂದು ಆಣೆ ಹಾಕುತ್ತಿದ್ದ ಬಾಯಿ ಅವತ್ತು ಒಣಗಿಹೋಯಿತು. ಒಂದು ಮಾತಿಗೆ ಇಷ್ಟು ಭಾರ ಇರುತ್ತದೆಂದು ನನಗೆ ತಿಳಿದದ್ದು ಆಗಲೇ. ಮೂಲೆಯಲ್ಲಿ ಕುಳಿತಿದ್ದ ಹುಡುಗ ಪಾಪ ನನಗಿಂತ ಹೆದರಿದ್ದ.

"ನಾಳೆ ಹೇಳತೇನಿ" ಅಂದೆ.

ಅವ್ವ ಅಡುಗೆಮನೆಯಲ್ಲಿ ಹಣೆ ಬಡಿದುಕೊಂಡ ಸದ್ದು ಕೇಳಿಸಿತು. ಮುತ್ಯಾ ಒಬ್ಬನೇ ನಕ್ಕ. ಎದ್ದು, ಬೀಗರಾಗುವವರನ್ನು ಬಾಗಿಲತನಕ ಕಳಿಸುತ್ತ ಹೇಳಿದ:

"ನಾಳೆ ಬರ್ರಿ. ತಡಾ ಆದರ ಆಗಲಿ. ತಡಾ ಮಾಡಿ ಕೊಟ್ಟ ಮಾತು ಗಟ್ಟಿ ಇರತೈತಿ."